2024ರ ಹಿಪ್‌ಹಾಪ್ ಹನ್ನೊಂದು ವಾರದಲ್ಲಿ: ತಾರೀಖು ಹಿಡಿದು ಕೇಳಿದ ನನ್ನ ಅನುಭವ

ಕಳೆದುಹೋದ ವರ್ಷದ ಹಿಪ್‌ಹಾಪನ್ನು ಆಮೇಲೆ ಕೂತು ಕೇಳಿ ಮುಗಿಸೋದು ಆಗದ ಮಾತು, ವರ್ಷದ ಕೊನೆಗೆ ಬರುವ ಟಾಪ್-50 ಪಟ್ಟಿ ಕೇಳಿಕೊಂಡರೆ ಸಾಕು ಅಂತ ಇದೇ ಹುಚ್ಚಿರುವ ಗೆಳೆಯರು ಹೇಳುತ್ತಲೇ ಇದ್ದರು. ಆಗುತ್ತೆ. 2024ರದ್ದನ್ನು ಹನ್ನೊಂದು ವಾರದಲ್ಲಿ, ದಿನಕ್ಕೆ ಒಂದು ಮುಕ್ಕಾಲು ಗಂಟೆಯಂತೆ ಮುಗಿಸಿದೆ. ಸುಮಾರು 300 ಆಲ್ಬಮ್ ಮುಟ್ಟಿ ನೋಡಿ, 90ರಷ್ಟನ್ನು ಪೂರ್ತಿ ಕೇಳಿ, 35ನ್ನು ಎರಡನೇ ಸಲ ಕೇಳಿ, ಕೊನೆಗೆ 14 ಉಳಿಸಿಕೊಂಡೆ. ಒಟ್ಟು 140 ಗಂಟೆ ಆಗಿರಬೇಕು. ಈಗ ಆ ವರ್ಷದ ಯಾವ ತಿಂಗಳು ಕೇಳಿದರೂ ಆಗ ಯಾವ ಸದ್ದು ಓಡುತ್ತಿತ್ತು, ಯಾರು ಯಾರಿಗೆ ಉತ್ತರ ಕೊಡುತ್ತಿದ್ದರು ಅಂತ ಹೇಳಬಲ್ಲೆ. ಟಾಪ್-50 ಕೇಳಿದವರಿಗೆ ಇದು ದಕ್ಕುವುದಿಲ್ಲ.

ಕೀಲಿ ಇರುವುದು ತಾರೀಖಿನಲ್ಲಿ. ಒಳ್ಳೆಯದು ಮೊದಲು, ಕೆಟ್ಟದ್ದು ಆಮೇಲೆ ಅಂತಲ್ಲ. ಹೆಸರಾದವರು ಮೊದಲು ಅಂತಲೂ ಅಲ್ಲ. ಜನವರಿಯಿಂದ ಡಿಸೆಂಬರ್‌ವರೆಗೆ, ಬಂದ ದಿನದ ಕ್ರಮದಲ್ಲಿ.

ಇದಕ್ಕೆ ಬರುವ ಮೊದಲು ಮೂರು ದಾರಿ ಕೆಟ್ಟವು. ಮೊದಲನೆಯದು ಪತ್ರಿಕೆಗಳ ವರ್ಷಾಂತ್ಯದ ಪಟ್ಟಿಗಳು. ಐದಾರು ಪಟ್ಟಿ ಸೇರಿಸಿದರೂ ಮುಕ್ಕಾಲು ಪಾಲು ಅವೇ ಹೆಸರು. ಮೇಲಾಗಿ ಆ ಪಟ್ಟಿಗಳು ನವೆಂಬರ್ ಕೊನೆಗೇ ಮುಚ್ಚಿಹೋಗುತ್ತವೆ. ರಾಕ್ ಮಾರ್ಸಿಯಾನೋ ಮತ್ತು ದಿ ಆಲ್ಕೆಮಿಸ್ಟ್ ಸೇರಿ ಮಾಡಿದ ‘ದಿ ಸ್ಕೆಲಿಟನ್ ಕೀ’ ಡಿಸೆಂಬರ್‌ನಲ್ಲಿ ಬಂತು. ಅಂಥವು ಈ ವರ್ಷದ ಪಟ್ಟಿಗೂ ಇಲ್ಲ, ಮುಂದಿನ ವರ್ಷದ್ದಕ್ಕೂ ಇಲ್ಲ ಅನ್ನುವಂತೆ ನಡುವೆ ಬಿದ್ದುಹೋಗುತ್ತವೆ. ಎರಡನೆಯದು ಹಾಡು ಕೇಳುವ ಆ್ಯಪ್ ಕೊಡುವ ಶಿಫಾರಸು. ಆರು ವಾರ ಅದರ ಹಿಂದೆ ಹೋದೆ. ಇಪ್ಪತ್ತು ಜನರ ಸುತ್ತಲೇ ಗಾಣದೆತ್ತಿನ ಹಾಗೆ ಸುತ್ತಿಸಿತು. ಮೂರನೆಯದು 1.25 ಪಟ್ಟು ವೇಗ. ಪಾಡ್‌ಕಾಸ್ಟಿಗೆ ಸರಿ, ರ‍್ಯಾಪಿಗೆ ಅಲ್ಲ. ರ‍್ಯಾಪರ್ ಬೀಟಿನ ಹಿಂದೆ ಎಷ್ಟು ಎಳೆದು ಬೀಳುತ್ತಾನೆ ಅನ್ನುವುದರಲ್ಲೇ ಅರ್ಧ ರುಚಿ ಇರುವುದು. ವೇಗ ಹೆಚ್ಚಿಸಿದರೆ ಆ ಸಂದು ಮುಚ್ಚಿಹೋಗಿ ಎಲ್ಲರೂ ಒಂದೇ ಥರ ಕೇಳುತ್ತಾರೆ. ಹಾಗೆ ಕೇಳಿದ 40ರಷ್ಟು ಆಲ್ಬಮ್‌ಗೆ ಕೊಟ್ಟ ಅಂಕ ಪೂರಾ ಅಳಿಸಿ ಮತ್ತೆ ಕೇಳಬೇಕಾಯಿತು.

ತಾರೀಖು ಯಾಕೆ ಬೇಕು ಅನ್ನುವುದಕ್ಕೆ ಆ ವರ್ಷದ ಮಾರ್ಚ್‌ನಿಂದ ಮೇವರೆಗಿನ ಸಾಲು ನೋಡಿ. ಕೆಂಡ್ರಿಕ್ ಲಮಾರ್, ಡ್ರೇಕ್ ಅನ್ನುವ ಇಬ್ಬರು ದೊಡ್ಡ ರ‍್ಯಾಪರ್‌ಗಳು ಹಾಡಿನಲ್ಲೇ ಜಗಳವಾಡಿದ ದಿನಗಳವು. ಮಾರ್ಚ್ 22ಕ್ಕೆ ಫ್ಯೂಚರ್ ಮತ್ತು ಮೆಟ್ರೋ ಬೂಮಿನ್ ಆಲ್ಬಮ್‌ನಲ್ಲಿ ‘ಲೈಕ್ ದಟ್’. ಡ್ರೇಕ್‌ನನ್ನೂ ಜೆ. ಕೋಲ್‌ನನ್ನೂ ಕೆಣಕಿ ಕೆಂಡ್ರಿಕ್ ಕಡ್ಡಿ ಗೀರಿದ್ದು ಅಲ್ಲಿ. ಏಪ್ರಿಲ್ 5ಕ್ಕೆ ಜೆ. ಕೋಲ್ ‘7 ಮಿನಿಟ್ ಡ್ರಿಲ್’ ಬಿಟ್ಟು ಉತ್ತರ ಕೊಟ್ಟ, 7ಕ್ಕೆ ತನ್ನದೇ ಉತ್ಸವದ ವೇದಿಕೆಯಲ್ಲಿ ಕ್ಷಮೆ ಕೇಳಿದ, ಮುಂದಿನ ವಾರ ಹಾಡನ್ನೇ ತೆಗೆದುಹಾಕಿದ. ಏಪ್ರಿಲ್ 19ಕ್ಕೆ ಡ್ರೇಕ್‌ನ ‘ಪುಷ್ ಅಪ್ಸ್’ ಅಧಿಕೃತವಾಗಿ ಬಂತು. ಅದೇ ಹೊತ್ತಿಗೆ ‘ಟೇಲರ್ ಮೇಡ್ ಫ್ರೀಸ್ಟೈಲ್’. ಅದರಲ್ಲಿ ಎಐನಿಂದ ತೀರಿಕೊಂಡ ರ‍್ಯಾಪರ್ ಟೂಪಾಕ್ ದನಿ ಮಾಡಿದ್ದಕ್ಕೆ ಅವನ ಆಸ್ತಿ-ಹಕ್ಕು ನೋಡಿಕೊಳ್ಳುವವರು ನೋಟಿಸ್ ಕೊಟ್ಟು ಇಳಿಸಿದರು. ಏಪ್ರಿಲ್ 30ಕ್ಕೆ ಕೆಂಡ್ರಿಕ್‌ನ ‘ಯೂಫೋರಿಯಾ’. ಮೇ 3ರ ಬೆಳಗ್ಗೆ ಅವನದ್ದೇ ‘6:16 ಇನ್ ಎಲ್‌ಎ’, ಅದೂ ಇನ್‌ಸ್ಟಾಗ್ರಾಮ್‌ನಲ್ಲಿ. ಅವತ್ತೇ ರಾತ್ರಿ ಡ್ರೇಕ್‌ನ ‘ಫ್ಯಾಮಿಲಿ ಮ್ಯಾಟರ್ಸ್’, ಒಂದು ಗಂಟೆಯೊಳಗೆ ಕೆಂಡ್ರಿಕ್‌ನ ‘ಮೀಟ್ ದಿ ಗ್ರಹಾಮ್ಸ್’, ಮಾರನೇ ದಿನ ‘ನಾಟ್ ಲೈಕ್ ಅಸ್’, ಅದರ ಮಾರನೇ ದಿನ ಡ್ರೇಕ್‌ನ ‘ದಿ ಹಾರ್ಟ್ ಪಾರ್ಟ್ 6’.

ಈ ಸಾಲನ್ನು ಆ್ಯಪ್‌ನಲ್ಲಿ ಹುಡುಕಿದರೆ ಮೊದಲು ಬರುವುದು ‘ನಾಟ್ ಲೈಕ್ ಅಸ್’, ಯಾಕೆಂದರೆ ಜಾಸ್ತಿ ಓಡಿದ್ದು ಅದು. ಅದನ್ನು ಮೊದಲು ಕೇಳಿದರೆ ಕುಣಿಯುವ ಹಾಡು, ಅಷ್ಟೇ. ‘ಮೀಟ್ ದಿ ಗ್ರಹಾಮ್ಸ್’ನ ಆ ಪಿಯಾನೋ, ಡ್ರೇಕ್ ಮನೆಮಂದಿಗೆ ಒಬ್ಬೊಬ್ಬರಿಗೇ ಕಾಗದ ಬರೆದಂಥ ತಣ್ಣನೆಯ ದನಿ, ಅದು ಮುಗಿದ ಮೇಲೆ ಇದನ್ನು ಕೇಳಿ. ಗೆದ್ದವನು ಬೀದಿಗೆ ಬಂದು ಡೋಲು ಬಾರಿಸುತ್ತಿದ್ದಾನೆ ಅನ್ನುವುದು ಆಗ ಗೊತ್ತಾಗುತ್ತೆ. ಕೆಲವು ಹಾಡು ಆ್ಯಪ್‌ನಲ್ಲಿ ಇಲ್ಲವೇ ಇಲ್ಲ, ಯೂಟ್ಯೂಬ್‌ನಿಂದ ಜೋಡಿಸಬೇಕು. ನನ್ನ ಶೀಟಿನಲ್ಲಿ ‘ಎಲ್ಲಿ ಸಿಗುತ್ತೆ’ ಅನ್ನುವ ಕಾಲಂ ಹುಟ್ಟಿದ್ದೇ ಇದರಿಂದ.

ಶೀಟಿನ ಉಳಿದ ಕಾಲಂ: ಬಂದ ತಾರೀಖು, ಹೆಸರು, ಊರು, ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಮಾಡಿದವರು, ನಿಮಿಷ, ಮೊದಲ ಸುತ್ತಿನ ಅಂಕ, ಎರಡನೇ ಸುತ್ತಿನ ಅಂಕ. ಶುರುವಿಗೆ 410 ಸಾಲಿದ್ದವು. ಬೈಗುಳ ತೆಗೆದ ಕ್ಲೀನ್ ಆವೃತ್ತಿ, ಹಾಡು ಸೇರಿಸಿ ಮತ್ತೆ ಬಿಡುವ ಡಿಲಕ್ಸ್, ಒಂದೇ ಆಲ್ಬಮ್‌ನ ಎರಡೆರಡು ನಮೂದು ತೆಗೆದರೆ 300ಕ್ಕೆ ಇಳಿಯಿತು. ಡಿಲಕ್ಸ್ ಬಗ್ಗೆ ಎಚ್ಚರ ಬೇಕು. ಮೇಗನ್ ದಿ ಸ್ಟಾಲಿಯನ್ ಆಲ್ಬಮ್ ಜೂನ್‌ನದ್ದು, ಅದರ ಹಿಗ್ಗಿಸಿದ ಆವೃತ್ತಿ ಅಕ್ಟೋಬರ್‌ನದ್ದು. ಆ್ಯಪ್‌ನ ತಾರೀಖು ನಂಬಿದರೆ ಜೂನ್‌ನ ಹಾಡೆಲ್ಲ ಅಕ್ಟೋಬರ್‌ಗೆ ಹಾರುತ್ತವೆ. ಶುಕ್ರವಾರಗಳನ್ನಷ್ಟೇ ಜಾಲಾಡುವುದೂ ತಪ್ಪು. 2015ರ ಜುಲೈನಿಂದ ಲೋಕವೆಲ್ಲ ಶುಕ್ರವಾರವೇ ಬಿಡುಗಡೆ ಅಂತಿದ್ದರೂ ಟೈಲರ್ ದಿ ಕ್ರಿಯೇಟರ್ ‘ಕ್ರೊಮಾಕೋಪಿಯಾ’ವನ್ನು ಬಿಟ್ಟಿದ್ದು ಅಕ್ಟೋಬರ್ 28ರ ಸೋಮವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆಗೆ. ಕೆಂಡ್ರಿಕ್‌ನ ‘ಜಿಎನ್‌ಎಕ್ಸ್’ ನವೆಂಬರ್ 22ರ ಶುಕ್ರವಾರವೇ ಬಂತು, ಆದರೆ ಮುನ್ಸೂಚನೆ ಇಲ್ಲದೆ, ನಮಗೆ ರಾತ್ರಿ ಹತ್ತೂವರೆ ಹೊತ್ತಿಗೆ. ಅವತ್ತು ಬೆಳಗ್ಗೆ ಪಟ್ಟಿ ಮಾಡಿಟ್ಟ ತಾಣಗಳಲ್ಲಿ ಅದು ಇರಲು ಸಾಧ್ಯವೇ ಇರಲಿಲ್ಲ. ಹೆಸರು ಚಿಕ್ಕದಾದವರದ್ದು ಇನ್ನೊಂದು ಕಷ್ಟ. ಕಾ ಅನ್ನುವ ರ‍್ಯಾಪರ್‌ನನ್ನು ಇಂಗ್ಲಿಷಿನಲ್ಲಿ ‘Ka’ ಅಂತ ಎರಡಕ್ಷರ ಹಾಕಿ ಹುಡುಕಿದರೆ ಬೇಡದ್ದೆಲ್ಲ ಬರುತ್ತೆ. ಆಲ್ಬಮ್ ಹೆಸರಿನಿಂದಲೇ ಹುಡುಕಿ.

ಮೊದಲ ಸುತ್ತಿಗೆ ಆಲ್ಬಮ್ ಒಂದಕ್ಕೆ ಹತ್ತು ನಿಮಿಷ. ಮೊದಲ ಮೂರು ಹಾಡು ಕೇಳುವ ರೂಢಿ ಬಿಡಿ, ಕಂಪನಿಯವರು ಸಿಂಗಲ್‌ಗಳನ್ನು (ಆಲ್ಬಮ್‌ಗೆ ಮೊದಲೇ ಬಿಡಿಯಾಗಿ ಬಿಟ್ಟ ಹಾಡು) ಮೇಲೆಯೇ ಜೋಡಿಸಿರುತ್ತಾರೆ. ನಾನು ಕೇಳುವುದು ಮೊದಲನೆಯದು, ಕೊನೆಯದು, ನಡುವೆ ಅತಿಥಿಗಳಿಲ್ಲದ ಒಂದು. ಆ ನಡುವಿನದ್ದನ್ನು ಆರಿಸುವ ಲೆಕ್ಕ ನನ್ನ ಬಳಿಯೇ ಇರಲಿ. ಅದು ಕೈಹತ್ತಲು ಎರಡು ವರ್ಷ ಹಿಡಿದಿದೆ. ಹಾಡನ್ನು ಅರ್ಧಕ್ಕೆ ಮಾತ್ರ ಬಿಡಬೇಡಿ. ‘ಜಿಎನ್‌ಎಕ್ಸ್’ನ ‘ಟಿವಿ ಆಫ್’ ತೆಗೆದುಕೊಳ್ಳಿ: ಎರಡು ನಿಮಿಷದವರೆಗೆ ಒಂದು ಬೀಟ್, ಆಮೇಲೆ ಕೆಂಡ್ರಿಕ್ ಗಂಟಲು ಹರಿಯುವಂತೆ ಬೀಟ್ ಮಾಡಿದವನ ಹೆಸರು ‘ಮಸ್ಟರ್ಡ್’ ಅಂತ ಕೂಗಿದ ಕೂಡಲೇ ಕಹಳೆಗಳು ನುಗ್ಗಿ ಬರುತ್ತವೆ. ತೊಂಬತ್ತು ಸೆಕೆಂಡಿಗೆ ಮುಂದಕ್ಕೆ ಓಡಿಸಿದವರಿಗೆ ಅದು ಸಿಗುವುದೇ ಇಲ್ಲ. ಹಳೇ ಸುತ್ತುಗಳಲ್ಲಿ ನಾನು ಹೀಗೆ ಕಳೆದುಕೊಂಡ ಹಾಡು ಹತ್ತಕ್ಕೆ ಕಡಿಮೆ ಇಲ್ಲ.

ಸದ್ದಿನ ವಿಷಯದಲ್ಲಿ ಎರಡು ತಪ್ಪು ದುಬಾರಿಯಾದವು. ಫೋನಿನ ಸ್ಪೀಕರಿನಲ್ಲಿ ಮೊದಲ ಸುತ್ತು ಕೇಳಿದ್ದು ಒಂದು. 808 ಅನ್ನುವ ಡ್ರಮ್ ಯಂತ್ರದ ತಳದ ಗುಡುಗು ಅಷ್ಟು ಚಿಕ್ಕ ಸ್ಪೀಕರಿನಲ್ಲಿ ಬರುವುದೇ ಇಲ್ಲ, ಹಾಗಾಗಿ ಮೆಂಫಿಸ್, ಹ್ಯೂಸ್ಟನ್ ಕಡೆಯ ಆಲ್ಬಮ್‌ಗಳಿಗೆ ಸುಳ್ಳೇ ಕಡಿಮೆ ಅಂಕ ಬಿತ್ತು. ಗ್ಲೋರಿಲ್ಲಾಳ ‘ಗ್ಲೋರಿಯಸ್’ ಹೀಗೇ ಹೊರಗೆ ಹೋಗಿತ್ತು, ಇಯರ್‌ಫೋನಿನಲ್ಲಿ ಮತ್ತೆ ಕೇಳಿ ಒಳಗೆ ತಂದೆ. ಎರಡನೆಯದು ವಾಲ್ಯೂಮ್ ನಾರ್ಮಲೈಜೇಷನ್ (ಎಲ್ಲ ಹಾಡಿನ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್) ಆಫ್ ಇಟ್ಟಿದ್ದು. ಶುದ್ಧ ಸದ್ದು ಬೇಕು ಅಂತ ಎಲ್ಲರೂ ಆಫ್ ಮಾಡಿರುತ್ತೇವೆ. ಒಂದೇ ಆಲ್ಬಮ್ ಕೇಳಲು ಅದು ಸರಿ. ದಿನಕ್ಕೆ ಹತ್ತು ಆಲ್ಬಮ್ ತೂಗುವಾಗ ಜೋರು ಸದ್ದಿನಲ್ಲಿ ತಯಾರಾದದ್ದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತೆ. ತೂಗುವ ಸುತ್ತಿನಲ್ಲಿ ಆನ್, ಸವಿಯುವ ಸುತ್ತಿನಲ್ಲಿ ಆಫ್. ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವ ಕ್ರಾಸ್‌ಫೇಡ್ ಯಾವತ್ತೂ ಆಫ್.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಎರಡು ಆ್ಯಪ್‌ಗೆ ಆರು ತಿಂಗಳು ಕಟ್ಟಿದ್ದು 1,300 ಆಸುಪಾಸು, ಒಂದೇ ಸಾಕಿತ್ತು. ನಾಲ್ಕು ಸಾವಿರದ ವೈರ್‌ಲೆಸ್ ಇಯರ್‌ಫೋನ್ ದಂಡ. ಬೇಸ್ ಊದಿಸಿ ಮಾತನ್ನು ಮುಳುಗಿಸುತ್ತಿತ್ತು, ರ‍್ಯಾಪಿನಲ್ಲಿ ಮಾತೇ ಮುಳುಗಿದರೆ ಉಳಿಯುವುದೇನು? ಕೊನೆಗೆ ಕೆಲಸಕ್ಕೆ ಬಂದದ್ದು 1,800ರ ವೈರಿನ ಇಯರ್‌ಫೋನ್, 800ರ ಟೈಪ್-ಸಿ ಡಾಂಗಲ್. ಹಾಡುವವರಿಂದಲೇ ಆಲ್ಬಮ್ ಕೊಳ್ಳಬಹುದಾದ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಒಂಬತ್ತು ಆಲ್ಬಮ್ ಕೊಂಡದ್ದಕ್ಕೆ ಕಾರ್ಡಿನ ಫಾರಿನ್ ಚಾರ್ಜೂ ಸೇರಿ ಆರೂವರೆ ಸಾವಿರ. ಒಂದೊಂದಾಗಿ ಕೊಳ್ಳಬೇಡಿ, ತಿಂಗಳ ಮೊದಲ ಶುಕ್ರವಾರಗಳಲ್ಲಿ ಅವರು ತಮ್ಮ ಪಾಲು ಬಿಡುವ ದಿನ ನೋಡಿ ಒಟ್ಟಿಗೆ ಕೊಂಡರೆ ಹಾಡಿದವನ ಕೈಗೆ ಹೆಚ್ಚು ಸೇರುತ್ತೆ. ಡೇಟಾ: ಉತ್ತಮ ಗುಣಮಟ್ಟದಲ್ಲಿ (320 ಕೆಬಿಪಿಎಸ್) ಗಂಟೆಗೆ 145 ಎಂಬಿ, ಅಂದರೆ ಇಡೀ ಯೋಜನೆಗೆ 20 ಜಿಬಿ. ಮನೆಯ ವೈಫೈಯಲ್ಲಿ ವಾರದ ಕಂತು ಇಳಿಸಿಕೊಂಡರೆ ರೀಚಾರ್ಜ್ ಮುಟ್ಟುವುದೇ ಬೇಡ.

ಬೀಟ್ ಮಾಡಿದವರ ಕಾಲಂ ಇಟ್ಟದ್ದರಿಂದ ಬೇರೆ ದಾರಿಗಳು ತೆರೆದವು. ಏಪ್ರಿಲ್‌ನಲ್ಲಿ ಕೋಲ್ ಅಳಿಸಿಹಾಕಿದ ಹಾಡಿನಲ್ಲಿ ಕಂಡಕ್ಟರ್ ವಿಲಿಯಮ್ಸ್ ಕೈ ಇದೆ. ಆಗಸ್ಟ್‌ನಲ್ಲಿ ಡೆಟ್ರಾಯ್ಟ್‌ನ ಬೋಲ್ಡಿ ಜೇಮ್ಸ್ ಜೊತೆ ಅವನದ್ದೇ ಪೂರ್ತಿ ಆಲ್ಬಮ್, ‘ಅಕ್ರಾಸ್ ದಿ ಟ್ರ್ಯಾಕ್ಸ್’. ಕೋಲ್‌ನಿಂದ ಬೋಲ್ಡಿಗೆ ಯಾವ ಶಿಫಾರಸೂ ನಿಮ್ಮನ್ನು ಕರೆದೊಯ್ಯುವುದಿಲ್ಲ. ಸ್ಯಾಂಪಲ್‌ಗಳ (ಹಳೇ ಹಾಡಿನಿಂದ ಎತ್ತಿಕೊಂಡ ತುಣುಕು) ಬೆನ್ನು ಹತ್ತಿದ್ದೂ ಹೀಗೇ. ಟೈಲರ್‌ನ ‘ನಾಯ್ಡ್’ ಕೆಳಗೆ ಓಡುವ ಗಿಟಾರ್ ಎಲ್ಲಿಯದು ಅಂತ ಹುಡುಕಿದರೆ 1970ರ ದಶಕದ ಜಾಂಬಿಯಾದ ಎನ್‌ಗೋಜಿ ಫ್ಯಾಮಿಲಿ ಅನ್ನುವ ವಾದ್ಯವೃಂದ. ಜಾಮ್‌ರಾಕ್ ಅಂತ ಜಾಂಬಿಯಾದ ರಾಕ್ ಸಂಗೀತದ ಒಂದು ಲೋಕವೇ ಅಲ್ಲಿತ್ತು. ನಾಲ್ಕು ದಿನ ಯೋಜನೆ ನಿಲ್ಲಿಸಿ ಅದನ್ನೇ ಕೇಳಿದೆ, ಒಂದು ಚೂರೂ ಬೇಸರವಿಲ್ಲ. ‘ಜಿಎನ್‌ಎಕ್ಸ್’ನ ‘ಲೂಥರ್’ ಕೇಳಿದವರು ಅದರ ಬೇರಾದ ಲೂಥರ್ ವ್ಯಾಂಡ್ರಾಸ್ ಮತ್ತು ಶೆರಿಲ್ ಲಿನ್ ಅವರ 1982ರ ಯುಗಳಗೀತೆ ಕೇಳದೆ ಮುಂದೆ ಹೋಗಬೇಡಿ.

ಜುಲೈಗೆ ಬಂದಾಗ ಬೆಂಗಳೂರಿನಲ್ಲಿ ಬೆಳೆದ ಸದ್ದೂ ಅದೇ ಸಾಲಿನಲ್ಲಿ ಕೂತಿದ್ದು ನೋಡಿ ಖುಷಿಯಾಯಿತು. ಈ ಊರಿನ ವೇದಿಕೆಗಳಲ್ಲಿ ಪಳಗಿದ ರ‍್ಯಾಪರ್ ಹನುಮಾನ್‌ಕೈಂಡ್, ಕಲ್ಮಿ ಮಾಡಿದ ಬೀಟಿನ ಮೇಲೆ ‘ಬಿಗ್ ಡಾಗ್ಸ್’. ಜಾತ್ರೆಯ ಸಾವಿನ ಬಾವಿಯೊಳಗೆ ಗಾಡಿ ಓಡಿಸಿ ತೆಗೆದ ವಿಡಿಯೋ. ಅದೇ ತಿಂಗಳ ಎಮಿನೆಮ್, ಡೆನ್ಜೆಲ್ ಕರಿ ಪಕ್ಕದಲ್ಲಿಟ್ಟು ಕೇಳಿದೆ. ಎಳ್ಳಷ್ಟೂ ಕುಗ್ಗಲಿಲ್ಲ.

ಎರಡನೇ ಸುತ್ತು ಸಾಹಿತ್ಯ ಮುಂದಿಟ್ಟುಕೊಂಡೇ ಆಗಬೇಕು, ಹಾಡಿನ ಸಾಲು ಸಿಗುವ ತಾಣ ಜೀನಿಯಸ್ ತೆರೆದಿಟ್ಟು. ಡೋಚಿಯ ಆಗಸ್ಟ್ ಆಲ್ಬಮ್ ಮೊದಲ ಸುತ್ತಿನಲ್ಲಿ ನನ್ನ ಲೆಕ್ಕಕ್ಕೆ ಹತ್ತಕ್ಕೆ ಆರು, ಮಾತು ಓದಿಕೊಂಡು ಕೇಳಿದಾಗ ಒಂಬತ್ತು. ಮುಂದಿನ ಫೆಬ್ರವರಿಯಲ್ಲಿ ಅದಕ್ಕೇ ಗ್ರಾಮಿ ಬಂತು. ಕಾ ಅವರ ‘ದಿ ಥೀಫ್ ನೆಕ್ಸ್ಟ್ ಟು ಜೀಸಸ್’ ಅಂತೂ ಹತ್ತು ನಿಮಿಷದ ಸುತ್ತಿಗೆ ಸಿಗುವಂಥದ್ದೇ ಅಲ್ಲ. ಡ್ರಮ್ ಇದ್ದೂ ಇಲ್ಲದ ಹಾಗೆ, ಚರ್ಚಿನ ಹಾಡಿನ ತುಣುಕುಗಳ ಮೇಲೆ ಪಿಸುಮಾತಿನಂಥ ದನಿ. ಬ್ರೌನ್ಸ್‌ವಿಲ್‌ನ ಆ ಮನುಷ್ಯ ನ್ಯೂಯಾರ್ಕ್ ಅಗ್ನಿಶಾಮಕ ದಳದಲ್ಲಿ ಕ್ಯಾಪ್ಟನ್ ಆಗಿದ್ದವರು. ಆಲ್ಬಮ್ ಬಂದದ್ದು ಆಗಸ್ಟ್‌ನಲ್ಲಿ, ಅವರು ತೀರಿಕೊಂಡದ್ದು ಅಕ್ಟೋಬರ್‌ನಲ್ಲಿ. ಇಂಥವನ್ನು ಅಂಕದ ಕಾಲಂಗೆ ಹಾಕದೆ ಶೀಟಿನಲ್ಲಿ ಹಳದಿ ಬಣ್ಣ ಬಳಿದು ಬೇರೆ ಇಡುತ್ತೇನೆ, ವಾರಕ್ಕೆ ಒಂದರಂತೆ, ರಾತ್ರಿ ಹತ್ತರ ಮೇಲೆ. 2024ರ ಶೀಟಿನಲ್ಲಿ ಇನ್ನೂ ಆರು ಹಳದಿ ಸಾಲು ಬಾಕಿ ಇವೆ.