ಮಸೂದೆಯ ಒಂದು ಖಂಡ ತಿದ್ದಿಸುವುದು ಹೇಗೆ: ನನ್ನ ಅನುಭವ

ಸಂಘಟನೆಗಳ ಪರವಾಗಿ ಕೇಂದ್ರದ ಮಸೂದೆಗಳ ಮೇಲೆ ಕೆಲಸ ಮಾಡುವಾಗ ನಾನು ಮೊದಲು ಓದುವುದು ವ್ಯಾಖ್ಯೆಗಳನ್ನು ಮತ್ತು ಮಿತಿಗಳನ್ನು. ಕಾನೂನು ಯಾರಿಗೆ ತಗಲುತ್ತದೆ, ಯಾರು ನುಣುಚಿಕೊಳ್ಳುತ್ತಾರೆ ಅನ್ನೋದು ಅಲ್ಲೇ ಇತ್ಯರ್ಥವಾಗಿರುತ್ತದೆ. ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮವನ್ನೇ ನೋಡಿ. 100 ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದದ್ದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 300ಕ್ಕೆ ಏರಿತು. ನಿಯಮ ಹಾಗೇ ಉಳಿದಿದೆ, ಅದರೊಳಗೆ ಬರುವ ಕಾರ್ಖಾನೆಗಳು ಕಡಿಮೆಯಾದವು. ಉದ್ಯಮದ ಲಾಬಿಗಾರರು (ತಮಗೆ ಬೇಕಾದಂತೆ ಕಾನೂನು ರೂಪಿಸಲು ಸರ್ಕಾರದ ಮೇಲೆ ಪ್ರಭಾವ ಬೀರುವವರು) ಭಾಷಣಕ್ಕಿಂತ ಇಂಥ ಅಂಕಿಗಳ ಮೇಲೆ ಕಣ್ಣಿಡುತ್ತಾರೆ. ಕಾರ್ಮಿಕರ ಪರ ನಿಂತವರೂ ಅದನ್ನೇ ಮಾಡಬೇಕು.

2014ರ ಶಾಸನಪೂರ್ವ ಸಮಾಲೋಚನಾ ನೀತಿಯಂತೆ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಇದಕ್ಕೆ ಕಾನೂನಿನ ಬಲವಿಲ್ಲ, ಹಲವು ಮಸೂದೆಗಳು ಇದನ್ನು ಪಾಲಿಸದೆಯೇ ಸದನಕ್ಕೆ ಬರುತ್ತವೆ. ಹಾಗಾಗಿ ಇಲಾಖೆಯಲ್ಲಿ ಕಡತ ಓಡಾಡುತ್ತಿರುವಾಗಲೇ ಜಂಟಿ ಕಾರ್ಯದರ್ಶಿಗೆ ಟಿಪ್ಪಣಿ ತಲುಪಿಸುತ್ತೇನೆ. ಸಂಪುಟ ಒಪ್ಪಿದ ಮೇಲೆ ಅಲ್ಪವಿರಾಮ ಸರಿಸುವುದೂ ಕಷ್ಟ.

ಟಿಪ್ಪಣಿ ಎರಡು ಪುಟ ಮೀರಬಾರದು. ಮೂರು ಕಾಲಂ ಸಾಕು: ಈಗಿರುವ ಪಠ್ಯ, ನಾವು ಕೇಳುವ ಪಠ್ಯ, ಕಾರಣ. ನಡುವಿನ ಕಾಲಂ ಕರಡುಗಾರ ನೇರವಾಗಿ ಎತ್ತಿಕೊಳ್ಳುವಷ್ಟು ಸಿದ್ಧವಾಗಿರಬೇಕು. “ಕಾರ್ಮಿಕರ ಹಿತ ಕಾಪಾಡಿ” ಎಂದು ಬರೆದರೆ ಅಧಿಕಾರಿ ತಲೆಯಾಡಿಸಿ ಕಡತ ಮುಚ್ಚುತ್ತಾರೆ. “300 ಎಂಬುದರ ಬದಲಿಗೆ 100 ಎಂದು ಓದಿಕೊಳ್ಳತಕ್ಕದ್ದು” ಎಂದರೆ ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ. ಒಂದು ಖಂಡ ತಿದ್ದಿದರೆ ಅದನ್ನು ಉಲ್ಲೇಖಿಸುವ ಬೇರೆ ಖಂಡಗಳನ್ನೂ ದಂಡದ ಅಧ್ಯಾಯವನ್ನೂ ಹೊಂದಿಸಿ ಕೊಡಬೇಕು. ಒಳ್ಳೆಯ ಸಲಹೆಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ.

ನಮಗೆ ಹಣ ಕೊಡುವವರು ಯಾರೆಂದು ಮೊದಲ ಪುಟದಲ್ಲೇ ಬರೆಯುತ್ತೇನೆ. ಅಮೆರಿಕದಲ್ಲಿ 1995ರ ಕಾಯ್ದೆಯಡಿ ಲಾಬಿಗಾರರು ನೋಂದಾಯಿಸಿಕೊಂಡು ವರದಿ ಸಲ್ಲಿಸಬೇಕು. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೆ ಕೇಳುವ ಮೊದಲೇ ಹೇಳಿದವರ ಮಾತಿಗೆ ತೂಕ ಜಾಸ್ತಿ.

ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೆ (ಮಸೂದೆಯನ್ನು ಪರಿಶೀಲಿಸುವ ಸಂಸದರ ಸಮಿತಿ) ಹೋದರೆ ಅದೃಷ್ಟ. ಇಂಥ ಇಲಾಖಾವಾರು ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಸಮಿತಿಯ ಜಾಹೀರಾತು ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮನವಿ ಕೇಳುತ್ತದೆ, ಖುದ್ದಾಗಿ ಹಾಜರಾಗುವ ಇಚ್ಛೆಯಿದ್ದರೆ ಅದನ್ನೂ ತಿಳಿಸಬೇಕು. ಸಲ್ಲಿಸಿದ ಮನವಿ ಸಮಿತಿಯ ದಾಖಲೆ, ಅದು ಗೋಪ್ಯ. ಪತ್ರಿಕೆಗೆ ಹಂಚಿದರೆ ಹಕ್ಕುಚ್ಯುತಿಯ (ಸದನದ ವಿಶೇಷ ಹಕ್ಕಿಗೆ ಧಕ್ಕೆ ತಂದ) ಮಾತು ಬರುತ್ತದೆ. ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಆದರೂ ವರದಿಯಲ್ಲಿ ದಾಖಲಾಗುವ, ಒಪ್ಪದ ಸದಸ್ಯರ ಭಿನ್ನಮತದ ಟಿಪ್ಪಣಿ ಮುಂದೆ ಸದನದಲ್ಲಿ ತಿದ್ದುಪಡಿ ಮಂಡಿಸುವವರಿಗೆ ಆಧಾರ.

ಮಸೂದೆ ಪಾಸಾದ ದಿನ ಬಹಳ ಜನ ಕೈತೊಳೆದುಕೊಳ್ಳುತ್ತಾರೆ. “ಗೊತ್ತುಪಡಿಸಬಹುದಾದಂತೆ” ಎಂದು ಖಾಲಿ ಬಿಟ್ಟ ಶುಲ್ಕ, ಗಡುವು, ನಮೂನೆಗಳನ್ನೆಲ್ಲ ಸರ್ಕಾರ ಕಾಯ್ದೆಯಡಿ ತಾನೇ ರಚಿಸುವ ನಿಯಮಗಳಲ್ಲಿ ತುಂಬುವುದು ಆಮೇಲೆ, ಸದ್ದಿಲ್ಲದೆ. ಮೂಲ ಕಾಯ್ದೆಯಲ್ಲಿ ಪೂರ್ವ ಪ್ರಕಟಣೆಯ ಷರತ್ತಿದ್ದರೆ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಕಲಮಿನಂತೆ ಕರಡು ನಿಯಮ ಪ್ರಕಟಿಸಿ, ಗಡುವಿನೊಳಗೆ ಬಂದ ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ಆ ಷರತ್ತನ್ನು ಸೇರಿಸಿ ಎಂದು ಮಸೂದೆಯ ಹಂತದಲ್ಲೇ ಕೇಳಿರಬೇಕು. ನನ್ನ ಮೂರು ಕಾಲಂ ಪಟ್ಟಿಯ ಕೊನೆಯ ಸಾಲು ಯಾವಾಗಲೂ ಅದೇ.