ಹಳೆಯ ವ್ಯಾನನ್ನು ಕ್ಯಾಂಪರ್ ಮಾಡುವುದು: ಹಲಗೆ ಮುಚ್ಚುವ ಮೊದಲು ಮುಗಿಸಬೇಕಾದ ಕೆಲಸಗಳು

ಕ್ಯಾಂಪರ್ ವ್ಯಾನಿನಲ್ಲಿ, ಅಂದರೆ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಮಾಡಲು ಸಜ್ಜುಗೊಳಿಸಿದ ವ್ಯಾನಿನಲ್ಲಿ, ಕಣ್ಣಿಗೆ ಬೀಳುವ ಮಂಚ, ಕಪಾಟು, ಅಡುಗೆ ಕಟ್ಟೆ ಯಾವುದೂ ಶಾಶ್ವತವಲ್ಲ. ಹಿಡಿಸದಿದ್ದರೆ ಬಿಚ್ಚಿ ಇನ್ನೊಂದು ರೀತಿ ಮಾಡಿಕೊಳ್ಳಬಹುದು. ಗೋಡೆಯ ಹಿಂದೆ ಹೋದ ತಂತಿ, ನೆಲದ ಪ್ಲೈವುಡ್ ಕೆಳಗೆ ಉಳಿದ ತುಕ್ಕು, ಚಾವಣಿಯಿಂದ ಜಿನುಗುವ ನೀರು ಹಾಗಲ್ಲ. ಅವನ್ನು ಸರಿಪಡಿಸಲು ಮಾಡಿದ ಕೆಲಸವನ್ನೆಲ್ಲ ಕೀಳಬೇಕಾಗುತ್ತದೆ. ಹಾಗಾಗಿ ಸಮಯ ಮತ್ತು ಹಣದ ದೊಡ್ಡ ಪಾಲು ಮುಚ್ಚಿಹೋಗುವ ಭಾಗಕ್ಕೇ ಮೀಸಲಾಗಿರಲಿ.

ವ್ಯಾನ್ ಆರಿಸುವಾಗ

ಎಂಜಿನ್, ಕ್ಲಚ್, ಗೇರ್‌ಬಾಕ್ಸನ್ನು ಒಬ್ಬ ಒಳ್ಳೆಯ ಮೆಕ್ಯಾನಿಕ್‌ಗೆ ತೋರಿಸಿ. ಅವುಗಳ ದೋಷಕ್ಕೆ ರಿಪೇರಿ ಉಂಟು. ಬಾಡಿಯ ತುಕ್ಕನ್ನು ಮಾತ್ರ ನೀವೇ ಕೂತು ಹುಡುಕಬೇಕು. ಚಕ್ರದ ಕಮಾನುಗಳ ಒಳಭಾಗ, ಬಾಗಿಲ ಕೆಳಗಿನ ಉದ್ದ ಪಟ್ಟಿ, ಮುಂದಿನ ಗಾಜಿನ ಕೆಳ ಅಂಚು, ಚಾವಣಿಯ ಅಂಚಿನ ಕಾಲುವೆ, ನೆಲದ ರಬ್ಬರ್ ಮ್ಯಾಟಿನ ಅಡಿ, ಈ ಐದು ಜಾಗಗಳನ್ನು ಬಿಡದೆ ನೋಡಿ. ಉಬ್ಬಿದ ಬಣ್ಣ ಕಂಡಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎನ್ನಬೇಕು. ಮಂದ ಸದ್ದು ಬಂದರೆ ಅಥವಾ ತಗಡು ಒಳಕ್ಕೆ ಕುಸಿದರೆ ಅಲ್ಲಿ ವೆಲ್ಡಿಂಗ್ ಕೆಲಸ ಕಾದಿದೆ. ಚಾಸಿಯ ಉದ್ದ ತೊಲೆಗಳಲ್ಲಿ ತೂತು ಬಿದ್ದಿದ್ದರೆ ವ್ಯಾನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಸಾಧ್ಯವಾದರೆ ಚಾವಣಿಯ ಮೇಲೆ ಅರ್ಧ ಗಂಟೆ ಪೈಪಿನಿಂದ ನೀರು ಬಿಟ್ಟು ಒಳಗೆ ಟಾರ್ಚ್ ಹಾಕಿ ನೋಡಿ. ಸೋರಿಕೆ ಬಿದ್ದ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಎಂದುಕೊಳ್ಳಬೇಡಿ. ನೀರು ಪಕ್ಕೆಲುಬುಗಳ (ತಗಡಿಗೆ ಒಳಗಿನಿಂದ ಬಲ ಕೊಡುವ ಲೋಹದ ಪಟ್ಟಿಗಳು) ಗುಂಟ ಹರಿದು ಎಲ್ಲೋ ಒಂದು ಕಡೆ ತೊಟ್ಟಿಕ್ಕುತ್ತದೆ.

ಇನ್ನು ತೂಕ. ನೋಂದಣಿ ಪತ್ರದಲ್ಲಿರುವ ಒಟ್ಟು ಗರಿಷ್ಠ ತೂಕದಿಂದ ಖಾಲಿ ವ್ಯಾನಿನ ತೂಕ ಕಳೆದರೆ ಉಳಿಯುವುದೇ ನಿಮ್ಮ ಪಾಲು. ಹಲಗೆ, ಬ್ಯಾಟರಿ, ನೀರು, ಜನ, ಬಟ್ಟೆ ಎಲ್ಲವೂ ಅದರೊಳಗೇ ಬರಬೇಕು. 18 ಮಿ.ಮೀ. ದಪ್ಪದ, 8 ಅಡಿಗೆ 4 ಅಡಿಯ ಒಂದು ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಹಾಳೆ ಸುಮಾರು 40 ಕಿಲೋ ತೂಗುತ್ತದೆ. ಅದೇ ಅಳತೆಯ 12 ಮಿ.ಮೀ. ಪೋಪ್ಲಾರ್ ಪ್ಲೈವುಡ್ 16 ಕಿಲೋ ಆಸುಪಾಸು. ಆರು ಹಾಳೆ ಹಾಕಿದರೆ ವ್ಯತ್ಯಾಸವೇ ಇಬ್ಬರು ಪ್ರಯಾಣಿಕರಷ್ಟಾಗುತ್ತದೆ. ಅಲ್ಲದೆ ಎಂಡಿಎಫ್ ತೇವ ಕುಡಿದರೆ ಅಂಚಿನಲ್ಲಿ ಉಬ್ಬಿ ಪುಡಿಯಾಗುತ್ತದೆ. ವ್ಯಾನಿನೊಳಗೆ ಅದಕ್ಕೆ ಜಾಗವೇ ಇಲ್ಲ.

ಸೀಟಿನ ಸಂಖ್ಯೆ, ಕಿಟಕಿ, ವಾಹನದ ವರ್ಗ ಬದಲಾಗುವುದಿದ್ದರೆ ಸಾರಿಗೆ ಇಲಾಖೆಯ ಒಪ್ಪಿಗೆ ಮತ್ತು ವಿಮೆಯ ಷರತ್ತುಗಳನ್ನು ಕತ್ತರಿಸುವ ಮೊದಲೇ ವಿಚಾರಿಸಿಕೊಳ್ಳಿ.

ತುಕ್ಕು, ಆಮೇಲೆ ತೂತು

ಒಳಗಿರುವುದನ್ನೆಲ್ಲ ಬಿಚ್ಚಿ, ಬರಿ ತಗಡು ಕಾಣುವಂತೆ ಮಾಡಿ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ತುಕ್ಕಿರುವ ಕಡೆ ವೈರ್ ಬ್ರಷ್‌ನಿಂದ ಹೊಳೆಯುವ ಲೋಹ ಬರುವ ತನಕ ಉಜ್ಜಿ. ಸಣ್ಣ ಗುಳಿಗಳಲ್ಲಿ ಉಳಿದದ್ದಕ್ಕೆ ತುಕ್ಕು ಪರಿವರ್ತಕ ದ್ರಾವಣ ಬಳಿದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಸತುವಿನ ಪ್ರೈಮರ್ ಎರಡು ಕೋಟ್, ಅದರ ಮೇಲೆ ಬಣ್ಣ. ಸಡಿಲ ತುಕ್ಕಿನ ಮೇಲೆ ನೇರ ಬಣ್ಣ ಬಳಿದರೆ ಅದು ಒಳಗೊಳಗೇ ಹಬ್ಬುತ್ತದೆ, ಹೊರಗೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಚಾವಣಿಯ ಫ್ಯಾನ್, ಕಿಟಕಿ, ಸೋಲಾರ್ ತಂತಿ, ಇವಕ್ಕೆ ಬೇಕಾದ ಎಲ್ಲ ತೂತುಗಳನ್ನೂ ಈ ಹಂತದಲ್ಲೇ ಮಾಡಿ ಮುಗಿಸಬೇಕು. ಫ್ಯಾನಿನ ಚೌಕಟ್ಟು ಸಾಮಾನ್ಯವಾಗಿ 36 ಅಥವಾ 40 ಸೆಂ.ಮೀ. ಚೌಕವಾಗಿರುತ್ತದೆ. ಕೊಂಡ ಫ್ಯಾನನ್ನು ಕೈಯಲ್ಲಿಟ್ಟುಕೊಂಡೇ ಅಳೆಯಿರಿ. ಒಳಗಿನಿಂದ ನೋಡಿ, ಎರಡು ಅಡ್ಡ ಪಕ್ಕೆಲುಬುಗಳ ನಡುವೆ ಬರುವಂತೆ ಗುರುತು ಹಾಕಿ. ಪಕ್ಕೆಲುಬನ್ನು ಕತ್ತರಿಸಿದರೆ ಚಾವಣಿಯ ಬಲವೇ ಹೋಗುತ್ತದೆ. ಬಣ್ಣ ಗೀಚದಂತೆ ಮೇಲ್ಗಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಾಲ್ಕು ಮೂಲೆಗೆ 10 ಮಿ.ಮೀ. ತೂತು ಕೊರೆದು, ಲೋಹಕ್ಕೆಂದೇ ಇರುವ ಸಣ್ಣ ಹಲ್ಲಿನ ಬ್ಲೇಡ್ ಹಾಕಿದ ಜಿಗ್‌ಸಾದಿಂದ ಕತ್ತರಿಸಿ. ಕತ್ತರಿಸುವಾಗ ತುಂಡನ್ನು ಒಳಗಿನಿಂದ ಒಬ್ಬರು ಹಿಡಿದಿರಲಿ. ಬಿಟ್ಟರೆ ಕೊನೆಯ ಅಂಗುಲದಲ್ಲಿ ತಗಡು ಜೋತು ಬಿದ್ದು ಮಡಚಿಕೊಳ್ಳುತ್ತದೆ.

ಅಂಚನ್ನು ಅರದಿಂದ ನಯ ಮಾಡಿ, ಬರಿ ಲೋಹಕ್ಕೆ ಪ್ರೈಮರ್ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆಯೇ ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಇಟ್ಟು ಚೌಕಟ್ಟು ಕೂರಿಸಿ. ಹೊರ ಅಂಚಿಗೆ ಮತ್ತು ಪ್ರತಿ ಸ್ಕ್ರೂವಿನ ತಲೆಗೆ ಬಿಸಿಲು ತಡೆಯುವ ಸೀಲಂಟ್ ಹಾಕಿ. ಬಾತ್‌ರೂಮಿಗೆ ಬಳಸುವ ಸಿಲಿಕೋನ್ ಬೇಡ. ವ್ಯಾನ್ ಕುಲುಕಾಡಿದಂತೆ ಅದು ಬಣ್ಣದಿಂದ ಬಿಟ್ಟುಕೊಳ್ಳುತ್ತದೆ, ಮತ್ತೆ ಅದರ ಮೇಲೆ ಬೇರೇನೂ ಅಂಟುವುದಿಲ್ಲ. ಕತ್ತರಿಸಿದಾಗ ಉದುರಿದ ಕಬ್ಬಿಣದ ಪುಡಿಯನ್ನು ಆ ದಿನವೇ ವ್ಯಾಕ್ಯೂಮ್ ಮಾಡಿ, ಮೂಲೆಗಳಲ್ಲಿ ಆಯಸ್ಕಾಂತ ಆಡಿಸಿ ತೆಗೆಯಿರಿ. ಒಂದೆರಡು ತೇವದ ರಾತ್ರಿ ಕಳೆದರೆ ಸಾಕು, ಪ್ರತಿ ಕಣವೂ ಒಂದೊಂದು ತುಕ್ಕಿನ ಚುಕ್ಕೆಯಾಗುತ್ತದೆ.

ಶಾಖ ಮತ್ತು ತೇವ

ಬಿಸಿಲು, ಚಳಿ ತಡೆಯುವುದಷ್ಟೇ ಇನ್ಸುಲೇಶನ್ ಕೆಲಸ ಎಂದು ತಿಳಿದವರು ಮೊದಲ ಚಳಿಗಾಲದಲ್ಲೇ ಮೋಸಹೋಗುತ್ತಾರೆ. ಇಬ್ಬರು ಒಂದು ರಾತ್ರಿ ಮಲಗಿ ಎದ್ದರೆ ಉಸಿರಿನಿಂದಲೇ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿ ಸೇರುತ್ತದೆ. 1 ಕಿಲೋ ಅಡುಗೆ ಅನಿಲ ಉರಿದರೆ 1.6 ಕಿಲೋದಷ್ಟು ನೀರಾವಿ ಹೊರಬರುತ್ತದೆ. ಆ ಆವಿ ತಣ್ಣನೆಯ ತಗಡು ಸಿಕ್ಕಲ್ಲೆಲ್ಲ ಹನಿಗಟ್ಟುತ್ತದೆ. ಹಲಗೆಯ ಹಿಂದೆ ಹನಿಗಟ್ಟಿದರೆ ನಿಮಗೆ ಗೊತ್ತಾಗುವುದು ವಾಸನೆ ಬಂದಾಗ.

ಹಾಗಾಗಿ ಗೋಡೆಗೆ, ಚಾವಣಿಗೆ ನೀರು ಹೀರದ, ಕೋಶಗಳು ಮುಚ್ಚಿರುವ ಫೋಮನ್ನೇ ಆರಿಸಿ. 20ರಿಂದ 25 ಮಿ.ಮೀ. ದಪ್ಪ ಸಾಕು. ತಗಡಿಗೂ ಫೋಮಿಗೂ ನಡುವೆ ಗಾಳಿ ಉಳಿಯದಂತೆ ಒತ್ತಿ ಅಂಟಿಸಬೇಕು. ಬಿಸಿಲಿಗೆ ನಿಂತ ವ್ಯಾನಿನ ಚಾವಣಿ 60 ಡಿಗ್ರಿ ದಾಟಬಹುದು. ಸಾಧಾರಣ ಗೋಂದು ಅಲ್ಲಿ ಮೆತ್ತಗಾಗಿ ಹಾಳೆ ಜೋತುಬೀಳುತ್ತದೆ, ಶಾಖ ತಾಳುವ ಗೋಂದನ್ನೇ ಕೇಳಿ ತನ್ನಿ. ಪಕ್ಕೆಲುಬುಗಳ ಮೇಲೂ 3ರಿಂದ 5 ಮಿ.ಮೀ. ಫೋಮ್ ಪಟ್ಟಿ ಇರಲಿ. ಬರಿ ಪಕ್ಕೆಲುಬು ಹೊರಗಿನ ಚಳಿಯನ್ನು ನೇರ ಒಳಗೆ ತರುವ ಸೇತುವೆ. ಗಾಜಿನ ನಾರು, ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ಹೊದಿಕೆಗಳು ಮನೆಗೆ ಸರಿ. ವ್ಯಾನಿನಲ್ಲಿ ಅವು ತೇವ ಹಿಡಿದು ಕೆಳಕ್ಕೆ ಕುಸಿಯುತ್ತವೆ.

ಸ್ಪ್ರೇ ಮಾಡಿದರೆ ಉಬ್ಬುವ ಫೋಮನ್ನು ಟೊಳ್ಳುಗಳಿಗೆ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಉಬ್ಬುವ ಒತ್ತಡಕ್ಕೆ ಹೊರಗಿನ ತಗಡು ಡೊಂಕಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬಾಗಿಲ ಕೆಳಗೆ, ಪಕ್ಕದ ಪಟ್ಟಿಗಳ ಕೆಳಗೆ ನೀರು ಹರಿದುಹೋಗಲೆಂದು ಬಿಟ್ಟ ಸಣ್ಣ ಕಂಡಿಗಳು ಮುಚ್ಚಿಹೋಗುತ್ತವೆ. ಆ ಕಂಡಿಗಳನ್ನು ಏನೇ ಆದರೂ ಮುಚ್ಚಕೂಡದು.

ಇಷ್ಟೆಲ್ಲ ಮಾಡಿದರೂ ಗಾಳಿಯಾಡದಿದ್ದರೆ ಪ್ರಯೋಜನವಿಲ್ಲ. ಚಾವಣಿಯ ಫ್ಯಾನ್ ಗಾಳಿ ಹೊರಹಾಕುತ್ತಿರಬೇಕು, ಅದಕ್ಕೆ ಎದುರು ತುದಿಯಲ್ಲಿ ತಗ್ಗಾದ ಕಡೆಯಿಂದ ಗಾಳಿ ಒಳಬರಬೇಕು. ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟರೂ ಆದೀತು.

ನೆಲ

ನೆಲದ ತಗಡಿನ ಏರುತಗ್ಗುಗಳ ನಡುವೆ ಫೋಮ್ ಪಟ್ಟಿ, ಅದರ ಮೇಲೆ 20 ಅಥವಾ 25 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್ ಫೋಮ್) ಹಾಳೆ, ಮೇಲೆ 12 ಮಿ.ಮೀ. ಪ್ಲೈವುಡ್. ಎಕ್ಸ್‌ಪಿಎಸ್‌ಗೆ ಥಿನ್ನರ್ ಇರುವ ಗೋಂದು ತಾಗಿದರೆ ಹಾಳೆ ಕರಗಿ ಹೊಂಡ ಬೀಳುತ್ತದೆ. ಪಾಲಿಯುರೆಥೇನ್ ಅಂಟು ಒಳ್ಳೆಯದು. ಪ್ಲೈವುಡ್‌ನ ಎಲ್ಲ ಅಂಚುಗಳಿಗೂ ವಾರ್ನಿಶ್ ಬಳಿಯದೆ ಇಡಬೇಡಿ. ಬೋಲ್ಟ್ ಹಾಕಬೇಕಾದಲ್ಲೆಲ್ಲ ಮೊದಲು ವ್ಯಾನಿನ ಅಡಿಗೆ ಹೋಗಿ ನೋಡಿ ಬನ್ನಿ. ಇಂಧನ ಟ್ಯಾಂಕ್, ಬ್ರೇಕ್ ಪೈಪ್, ತಂತಿಗಳ ಕಟ್ಟು ನೆಲಕ್ಕೆ ತಾಗಿಕೊಂಡೇ ಹೋಗಿರುತ್ತವೆ.

ವಿದ್ಯುತ್ತು

ಮೊದಲು ಕಾಗದದ ಮೇಲೆ ಲೆಕ್ಕ. 45 ವ್ಯಾಟಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ದಿನದ ಮೂರನೇ ಒಂದು ಪಾಲು ಓಡುತ್ತದೆ ಎಂದರೆ 360 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು). 12 ವ್ಯಾಟಿನ ಫ್ಯಾನ್ ಹತ್ತು ಗಂಟೆಗೆ 120. ಮೂರು ವ್ಯಾಟಿನ ನಾಲ್ಕು ದೀಪ ನಾಲ್ಕು ಗಂಟೆಗೆ ಸುಮಾರು 50. ಎರಡು ಫೋನ್, ಒಂದು ಲ್ಯಾಪ್‌ಟಾಪ್ 90. ನೀರಿನ ಪಂಪ್ 10. ಒಟ್ಟು 630.

100 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವ್ಯಾಟ್-ಅವರ್ ಇರುತ್ತದೆ, ಬಿಸಿಲಿಲ್ಲದೆ ಎರಡು ದಿನ ನಡೆದೀತು. ಅಷ್ಟೇ ಆಂಪಿನ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬಾಳಿಕೆ ಕುಗ್ಗುವುದರಿಂದ ಸಿಗುವುದು 600, ಅಂದರೆ ಒಂದು ದಿನಕ್ಕೂ ಕಡಿಮೆ. ಲಿಥಿಯಂಗೆ ಒಂದು ನಿಯಮವಿದೆ: ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಿದರೆ ಒಳಗೆ ಹಾಳಾಗುತ್ತದೆ. ಚಳಿ ಪ್ರದೇಶಕ್ಕೆ ಹೋಗುವವರು ಅದನ್ನು ತಡೆಯುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಮಂಡಳ) ಇರುವುದನ್ನೇ ಕೊಳ್ಳಬೇಕು.

ಚಾವಣಿಯಲ್ಲಿ ಮಟ್ಟಸವಾಗಿ ಮಲಗಿಸಿದ 200 ವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನ ದಿನ 600 ವ್ಯಾಟ್-ಅವರ್ ಆಸುಪಾಸು ಕೊಡುತ್ತದೆ. ಮೋಡದ ದಿನಗಳಿಗೆ ಆಲ್ಟರ್ನೇಟರ್‌ನಿಂದ (ಎಂಜಿನ್ ಓಡುವಾಗ ವಿದ್ಯುತ್ತು ಕೊಡುವ ಯಂತ್ರ) ಈ ಬ್ಯಾಟರಿಯನ್ನು ತುಂಬುವ 30 ಆಂಪಿನ ಡಿಸಿ-ಡಿಸಿ ಚಾರ್ಜರ್ ಇರಲಿ. ಒಂದು ಗಂಟೆ ಓಡಿಸಿದರೆ ಹತ್ತಿರ ಹತ್ತಿರ 400 ತುಂಬುತ್ತದೆ. ಬರಿ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಕಿ ಎಂಜಿನ್ನಿನ ಬ್ಯಾಟರಿಯನ್ನೂ ಇದನ್ನೂ ಜೋಡಿಸುವುದು ಅಗ್ಗವೇನೋ ಹೌದು. ಆದರೆ ಖಾಲಿಯಾದ ಲಿಥಿಯಂ ಬ್ಯಾಟರಿ ಸಿಕ್ಕಷ್ಟು ಕರೆಂಟನ್ನು ಎಳೆದುಕೊಂಡು ಆಲ್ಟರ್ನೇಟರನ್ನು ಸುಟ್ಟೀತು.

ತಂತಿಯ ದಪ್ಪದಲ್ಲಿ ಬಹಳ ಮಂದಿ ಎಡವುತ್ತಾರೆ. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ದಾರಿಯಲ್ಲಿ ಕಳೆದರೂ ದೊಡ್ಡ ನಷ್ಟ. ಲೆಕ್ಕ ಸುಲಭ: ಹೋಗಿ ಬರುವ ಒಟ್ಟು ತಂತಿಯ ಮೀಟರನ್ನು ಆಂಪಿನಿಂದ ಗುಣಿಸಿ, 0.0172ರಿಂದ ಗುಣಿಸಿ, ತಾಮ್ರದ ಚದರ ಮಿ.ಮೀ.ನಿಂದ ಭಾಗಿಸಿ. ಫ್ರಿಜ್ 5 ಮೀಟರ್ ದೂರದಲ್ಲಿದ್ದು 5 ಆಂಪ್ ಎಳೆದರೆ, 1.5 ಚದರ ಮಿ.ಮೀ. ತಂತಿಯಲ್ಲಿ 0.57 ವೋಲ್ಟ್ ಇಳಿಯುತ್ತದೆ. 4 ಚದರ ಮಿ.ಮೀ. ಆದರೆ 0.22 ಮಾತ್ರ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು ಕರೆಂಟ್ ಬೇಕು. ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಫ್ರಿಜ್ ‘ವೋಲ್ಟೇಜ್ ಕಡಿಮೆ’ ಎಂದು ನಿಂತುಬಿಡುವುದು ಇದರಿಂದಲೇ.

ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲು. ಹಾಗಾಗಿ ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಅದಕ್ಕಿಂತ ದೂರವಿದ್ದರೆ ನಡುವಿನ ತುಂಡು ಉಜ್ಜಿ ತಗಡಿಗೆ ತಾಗಿದಾಗ ಬೆಂಕಿಯನ್ನು ತಡೆಯುವುದು ಯಾವುದೂ ಇಲ್ಲ. ಪ್ರತಿ ಸಾಧನಕ್ಕೂ ಬೇರೆ ಬೇರೆ ಫ್ಯೂಸ್, ಮೇಲೆ ಹೆಸರು ಬರೆದ ಚೀಟಿ. ಕೂಡುಗಳನ್ನು ಬೆಸುಗೆ ಹಾಕದೆ ಒಳ್ಳೆಯ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ. ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಸೆಟೆದು, ಕಂಪನಕ್ಕೆ ಅಲ್ಲೇ ತುಂಡಾಗುತ್ತದೆ. ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲೆಲ್ಲ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಇರಲಿ. ಪಿವಿಸಿ ಹೊದಿಕೆಯ ತಂತಿಯನ್ನು ಎಕ್ಸ್‌ಪಿಎಸ್‌ಗೆ ನೇರ ತಾಗಿಸಬೇಡಿ, ಕಾಲಕ್ರಮೇಣ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಸುರುಳಿ ಪೈಪಿನೊಳಗೆ ಎಳೆದರೆ ಮುಂದೆ ಇನ್ನೊಂದು ತಂತಿ ಸೇರಿಸಲೂ ಅನುಕೂಲ.

1500 ವ್ಯಾಟಿನ ಇಂಡಕ್ಷನ್ ಒಲೆ ಇನ್ವರ್ಟರ್ ಮೂಲಕ ಓಡಿದರೆ ಬ್ಯಾಟರಿಯಿಂದ 130 ಆಂಪ್ ಎಳೆಯುತ್ತದೆ. 100 ಆಂಪ್-ಅವರ್‌ನ ಒಂದು ಬ್ಯಾಟರಿಗೆ ಅದು ಭಾರ. ಇಂಡಕ್ಷನ್ ಬೇಕೇ ಬೇಕೆನ್ನುವವರು ಬ್ಯಾಟರಿಯನ್ನು ಎರಡರಷ್ಟು ಮಾಡಿಕೊಂಡು, ಕೇಬಲನ್ನು ಆದಷ್ಟು ಗಿಡ್ಡ ಮತ್ತು ದಪ್ಪ ಇಡಬೇಕು.

ಹಲಗೆ ಮುಚ್ಚುವ ಮೊದಲು ಎಲ್ಲ ಸಾಧನವನ್ನೂ ಒಟ್ಟಿಗೆ ಓಡಿಸಿ ಒಂದು ಗಂಟೆ ಬಿಟ್ಟು ಪ್ರತಿ ಕೂಡನ್ನೂ ಮುಟ್ಟಿ ನೋಡಿ. ಬೆಚ್ಚಗಾದ ಕೂಡು ಸಡಿಲವಾಗಿದೆ ಎಂದೇ ಅರ್ಥ. ಆಮೇಲೆ ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಒಂದು ಕೊಕ್ಕೆ ಹೊಡೆಯಬೇಕಾದಾಗ ತಂತಿ ಎಲ್ಲಿದೆ ಎಂದು ಹೇಳುವುದು ಆ ಫೋಟೋ ಒಂದೇ.

ಗ್ಯಾಸು, ನೀರು

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಸಿಲಿಂಡರನ್ನು ಮಲಗುವ ಜಾಗಕ್ಕೆ ಗಾಳಿ ಸೇರದಂತೆ ಮುಚ್ಚಿದ ಪೆಟ್ಟಿಗೆಯೊಳಗೆ ನೆಟ್ಟಗೆ ನಿಲ್ಲಿಸಿ ಕಟ್ಟಿ. ಆ ಪೆಟ್ಟಿಗೆಯ ತಳದಲ್ಲಿ ನೇರ ಹೊರಕ್ಕೆ ತೆರೆಯುವ ಕಂಡಿ ಇರಲೇಬೇಕು. ಪ್ರತಿ ಕೂಡಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಸ್ಥಿರವಾದ ಗ್ಯಾಸ್ ಪೈಪ್ ಎಳೆಯುವುದಿದ್ದರೆ ಅದನ್ನು ಬಲ್ಲವರಿಗೇ ಬಿಡುವುದು ಒಳಿತು. ಗ್ಯಾಸ್ ಸೋರಿಕೆಯ ಅಲಾರಂ ನೆಲದ ಹತ್ತಿರ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗಿದಾಗ ತಲೆ ಬರುವ ಮಟ್ಟದಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕ. ಒಲೆ ಉರಿಸಿ ಮೈ ಬೆಚ್ಚಗೆ ಮಾಡಿಕೊಂಡು ಮಲಗುವುದು ಜೀವಕ್ಕೇ ಕುತ್ತು.

ನೀರಿಗೆ 20 ಲೀಟರಿನ ಎರಡು ಕ್ಯಾನ್ ಇಬ್ಬರಿಗೆ ಎರಡು ಮೂರು ದಿನಕ್ಕೆ ಬಂದೀತು. ಕಾಲಲ್ಲಿ ತುಳಿಯುವ ಪಂಪ್ ಆದರೆ ನೀರೂ ಉಳಿಯುತ್ತದೆ, ಕೆಡುವ ಭಾಗವೂ ಕಡಿಮೆ. ದೊಡ್ಡ ಟ್ಯಾಂಕ್ ಇಟ್ಟರೆ ಅದು ಎರಡು ಆಕ್ಸಲ್‌ಗಳ ನಡುವೆ, ತಗ್ಗಿನಲ್ಲಿರಲಿ. ಬಳಸಿದ ನೀರಿಗೂ ಒಂದು ಕ್ಯಾನ್ ಬೇಕು, ಕಾಡಿನ ನೆಲಕ್ಕೆ ಸೋಪಿನ ನೀರು ಚೆಲ್ಲಬಾರದು.

ಮಂಚ ಮತ್ತು ಕಪಾಟು

ಸ್ವಯಂ ಕೊರೆಯುವ ಸ್ಕ್ರೂಗಳನ್ನು ತೆಳು ತಗಡಿಗೆ ಹೊಡೆದರೆ ಕಂಪನಕ್ಕೆ ತೂತು ಅಗಲವಾಗಿ ಕಳಚುತ್ತವೆ. ಪಕ್ಕೆಲುಬುಗಳಿಗೆ 9 ಮಿ.ಮೀ. ತೂತು ಕೊರೆದು ಎಂ6 (6 ಮಿ.ಮೀ. ಬೋಲ್ಟಿನ) ರಿವೆಟ್ ನಟ್, ಅಂದರೆ ತಗಡಿನ ತೂತಿನಲ್ಲೇ ಕಚ್ಚಿ ಕೂರುವ ಮರೆಯಿರುವ ನಟ್, ಕೂರಿಸಿ, ಬೋಲ್ಟ್‌ನಿಂದ ಬಿಗಿಯಿರಿ. ಜೋರಾಗಿ ಬ್ರೇಕ್ ಹಾಕಿದಾಗ ಇಡೀ ಕಪಾಟು ಮುಂದಕ್ಕೆ ನುಗ್ಗಲು ನೋಡುತ್ತದೆ ಎಂಬುದನ್ನು ನೆನಪಲ್ಲಿಟ್ಟು ನೆಲಕ್ಕೂ ಗೋಡೆಗೂ ಎರಡಕ್ಕೂ ಕಟ್ಟಿ. ಡ್ರಾಯರ್‌ಗಳಿಗೆ ಒತ್ತಿ ತೆರೆಯುವ ಬೀಗ ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಎಲ್ಲ ಹೊರಬರುತ್ತವೆ. ಆಯಸ್ಕಾಂತದ ಹಿಡಿತ ಸಾಲದು.

ಮಂಚಕ್ಕೆ ಪೂರ್ತಿ ಹಲಗೆ ಬೇಡ. 5 ಸೆಂ.ಮೀ. ಬಿಟ್ಟು ಪಟ್ಟಿಗಳನ್ನು ಜೋಡಿಸಿ. ಹಾಸಿಗೆಯ ಅಡಿ ಗಾಳಿಯಾಡದಿದ್ದರೆ ಮೈಬೆವರೆಲ್ಲ ಅಲ್ಲಿ ನಿಂತು ಕೆಲವೇ ವಾರಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಅಗಲ ನಿರ್ಧರಿಸುವ ಮೊದಲು ಖಾಲಿ ವ್ಯಾನಿನ ನೆಲದ ಮೇಲೆ ಟೇಪಿನಿಂದ ಗೆರೆ ಹಾಕಿ, ಮಲಗಿ, ಮಗ್ಗುಲು ಬದಲಿಸಿ ನೋಡಿ.

ಎಲ್ಲ ಮುಗಿದ ಮೇಲೆ ನೀರು, ಇಂಧನ, ಸಾಮಾನು ತುಂಬಿಸಿ ವೇಬ್ರಿಡ್ಜ್‌ಗೆ ಒಯ್ದು ಮುಂದಿನ, ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗಿಸಿ. ಟೈರಿನ ಗಾಳಿಯನ್ನು ಆ ತೂಕಕ್ಕೆ ಹೊಂದಿಸಿಕೊಳ್ಳಿ. ಮೊದಲ ರಾತ್ರಿಯನ್ನು ಮಳೆ ಬರುವ ದಿನ ನೋಡಿ, ಮನೆಗೆ ಹತ್ತಿರದಲ್ಲೇ ಕಳೆಯಿರಿ. ಸುಮಾರು 500 ಕಿ.ಮೀ. ಓಡಿಸಿದ ಮೇಲೆ ಸ್ಪ್ಯಾನರ್ ಹಿಡಿದು ಪ್ರತಿ ಬೋಲ್ಟ್, ಪ್ರತಿ ಬ್ಯಾಟರಿ ಟರ್ಮಿನಲ್ ಮತ್ತೊಮ್ಮೆ ಬಿಗಿ ಮಾಡಿ. ಒಂದೆರಡಾದರೂ ಸಡಿಲವಾಗಿರುತ್ತವೆ.