ಭೂಮಿಯ ಪದರಗಳನ್ನು ಮೈದಾನದಲ್ಲಿ ಕಲಿಸಿದ್ದು: ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಭೂಕವಚ (ಮೇಲಿನ ಚಿಪ್ಪು), ಮ್ಯಾಂಟಲ್ (ಅದರ ಕೆಳಗಿನ ದಪ್ಪ ಪದರ), ಕೇಂದ್ರಗೋಳ (ನಟ್ಟನಡುವಿನ ಕಬ್ಬಿಣದ ಗೋಳ) ಅಂತ ಬೋರ್ಡಿನ ಮೇಲೆ ಬಣ್ಣದ ಚಿತ್ರ ಬಿಡಿಸಿ ಹೆಸರು ಬರೆಸಿದರೆ ಮಕ್ಕಳಿಗೆ ಅಂಕ ಬರುತ್ತವೆ. ಆದರೆ ಆ ಚಿತ್ರದಲ್ಲಿ ಎರಡು ದೊಡ್ಡ ವಿಷಯ ಸಿಗುವುದಿಲ್ಲ. ಒಂದು, ಅಳತೆ. ಇನ್ನೊಂದು, ಯಾರೂ ಇಳಿದು ನೋಡದ ಜಾಗದ ಸುದ್ದಿ ನಮಗೆ ಹೇಗೆ ಗೊತ್ತಾಯಿತು ಅನ್ನೋದು. ನಾನು ಇಡೀ ಪಾಠವನ್ನು ಈ ಎರಡರ ಮೇಲೆಯೇ ಕಟ್ಟುತ್ತೇನೆ. ಹೆಸರುಗಳು ಆ ದಾರಿಯಲ್ಲೇ ಬಾಯಿಗೆ ಬರುತ್ತವೆ.

ಮೊದಲು ಪುಸ್ತಕ ತೆಗೆಸುವುದಿಲ್ಲ. "ನಮ್ಮ ಕಾಲ ಕೆಳಗೆ ಏನೇನಿದೆ ಹೇಳ್ರಿ" ಅಂತ ಕೇಳುತ್ತೇನೆ. ನಮ್ಮ ಕಡೆ ಮಕ್ಕಳ ಉತ್ತರ ಬರುವುದು ಬೋರ್‌ವೆಲ್‌ನಿಂದ. "ಸರ್, ನಮ್ಮ ಹೊಲದಾಗ ಬೋರ್ ಹಾಕಿಸಿದಾಗ ನಾ ನೋಡೇನ್ರಿ. ಮೊದ್ಲ ಎರಿ ಮಣ್ಣು, ಆಮೇಲೆ ಗರಸು, ಆಮೇಲೆ ಕಲ್ಲಿನ ಪುಡಿ ಬಂತ್ರಿ" ಅಂತಾನೆ ಒಬ್ಬ. ಬಾದಾಮಿ ಕಡೆಯ ಹುಡುಗಿ ಗುಡ್ಡದ ಕೆಂಪು ಕಲ್ಲಿನಲ್ಲಿ ಕಾಣುವ ಅಡ್ಡ ಗೆರೆಗಳೇ ಭೂಮಿಯ ಪದರ ಅನ್ನುತ್ತಾಳೆ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ, ಹಾಗಾಗಿ ನಾನು ತಪ್ಪು ಅನ್ನುವುದಿಲ್ಲ. ಎರಡನ್ನೂ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ.

ಅಲ್ಲಿ ಬೇಕಾದದ್ದು ಒಂದು ಗೂಟ, ಒಂದು ಹಗ್ಗ, ಸುಣ್ಣದ ಪುಡಿ. ಅಳತೆ ಸುಲಭ: 1 ಕಿ.ಮೀ.ಗೆ 1 ಮಿ.ಮೀ. ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂದರೆ ಹಗ್ಗ 6 ಮೀಟರ್ 37 ಸೆಂಟಿಮೀಟರ್. ಗೂಟದಿಂದ 1.22 ಮೀಟರ್‌ಗೆ ಒಂದು ಗಂಟು, ಅಲ್ಲಿಗೆ ಒಳ ಕೇಂದ್ರಗೋಳ ಮುಗಿಯಿತು. 3.48 ಮೀಟರ್‌ಗೆ ಇನ್ನೊಂದು ಗಂಟು, ಅದು ಹೊರ ಕೇಂದ್ರಗೋಳದ ಅಂಚು. ಅಲ್ಲಿಂದ ಹಗ್ಗದ ತುದಿಯ ಹತ್ತಿರದವರೆಗೂ ಮ್ಯಾಂಟಲ್. ಹಗ್ಗ ಬಿಗಿಯಾಗಿ ಹಿಡಿದು ಕಾಲು ವೃತ್ತ ಎಳೆದರೆ ಸಾಕು, ಪೂರ್ತಿ ವೃತ್ತ ಬೇಡ.

ಈಗ ಭೂಕವಚ. ಖಂಡಗಳ ಕೆಳಗೆ ಅದರ ದಪ್ಪ ಸರಾಸರಿ 35 ಕಿ.ಮೀ., ಅಂದರೆ ನಮ್ಮ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರ್. ಮಕ್ಕಳು ಅದನ್ನು ಬರೆಯೋಕೆ ಸುಣ್ಣ ತಗೊಂಡು ಬರುತ್ತಾರೆ. ನಾನು ತಡೆದು, ಆಗಲೇ ಎಳೆದ ಹೊರಗಿನ ಗೆರೆಯ ಮೇಲೆ ಸ್ಕೇಲ್ ಇಟ್ಟು ಅಳೆಯೋಕೆ ಹೇಳುತ್ತೇನೆ. ಕೈಯಿಂದ ಉದುರಿಸಿದ ಸುಣ್ಣದ ಗೆರೆಯೇ ಹೆಚ್ಚುಕಡಿಮೆ ಅಷ್ಟು ಅಗಲ ಇರುತ್ತದೆ! ಬೇರೆ ಬರೆಯುವುದೇ ಬೇಡ. ಊರು, ಬೆಟ್ಟ, ಹೊಲ, ನದಿ, ಗಣಿ ಎಲ್ಲ ಆ ಒಂದು ಗೆರೆಯ ಮೇಲಿನ ಅಂಚಿನಲ್ಲಿ. ಸಮುದ್ರದ ಕೆಳಗಾದರೆ ಭೂಕವಚ ಬರೀ 7 ಮಿ.ಮೀ. ಆಸುಪಾಸು.

ಇಲ್ಲಿ ಅವಸರ ಮಾಡಬಾರದು. ಮಕ್ಕಳು ಕೂತು, ಬಗ್ಗಿ, ಸ್ಕೇಲ್ ಹಿಡಿದು ಒಂದೊಂದನ್ನೇ ಗುರುತು ಮಾಡಲಿ. ಎವರೆಸ್ಟ್ 9 ಮಿ.ಮೀ. ಎತ್ತರ. ಕೋಲಾರದ ಚಿನ್ನದ ಗಣಿ 3 ಮಿ.ಮೀ. ಆಳ, ಅಷ್ಟರಲ್ಲೇ ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತಿತ್ತು. ರಷ್ಯಾದ ಕೋಲಾದಲ್ಲಿ 1970ರಲ್ಲಿ ಕೊರೆಯಲು ಶುರು ಮಾಡಿ 1989ರ ಹೊತ್ತಿಗೆ 12,262 ಮೀಟರ್ ಮುಟ್ಟಿದರು. ಸುಮಾರು 180 ಡಿಗ್ರಿ ಬಿಸಿ ಸಿಕ್ಕಿ ಮುಂದೆ ಹೋಗಲಾಗಲಿಲ್ಲ. ಆ ತೂತು ನಮ್ಮ ಗೆರೆಯಲ್ಲಿ 12 ಮಿ.ಮೀ., ಗೆರೆಯ ಅರ್ಧವೂ ಇಲ್ಲ. ಇನ್ನು ಹುಡುಗನ ಹೊಲದ ಬೋರ್ 300 ಮೀಟರ್ ಇದ್ದರೂ ಅರ್ಧ ಮಿಲಿಮೀಟರ್ ಆಗುವುದಿಲ್ಲ. ಎರಿ, ಗರಸು, ಕಲ್ಲು, ಬಾದಾಮಿಯ ಗೆರೆಗಳು ಎಲ್ಲವೂ ಭೂಕವಚದ ಒಳಗಿನ ಮಾತು ಅಂತ ಆಗ ನಾನು ಹೇಳಬೇಕಾಗಿಲ್ಲ. ಅವರೇ ಹೇಳುತ್ತಾರೆ.

ಹಿಂದೆಯೇ ಈ ಪ್ರಶ್ನೆ ಬರುತ್ತದೆ: "ಹಂಗಾದ್ರ ಕೆಳಗ ಯಾರೂ ಹೋಗೇ ಇಲ್ಲಲ್ರಿ ಸರ್, ಕಬ್ಬಿಣ ಐತಿ ಅಂತ ಹೆಂಗ ಗೊತ್ತಾತ್ರಿ?" ಈ ಪ್ರಶ್ನೆ ಬರುವವರೆಗೂ ನಾನು ಕಾಯುತ್ತೇನೆ. ಅದೇ ಪಾಠದ ಬಾಗಿಲು.

ಉತ್ತರಕ್ಕೆ ನಮ್ಮ ಸುತ್ತಮುತ್ತಲ ಕಲ್ಲುಗಳೇ ಸಾಕು. ಇಳಕಲ್ಲಿನ ಗುಲಾಬಿ ಗ್ರಾನೈಟ್, ಬಾದಾಮಿಯ ಮರಳುಗಲ್ಲು, ಕೃಷ್ಣೆಯ ಆಚೆ ವಿಜಯಪುರದ ಕಪ್ಪು ಕಲ್ಲು. ಗೋಳಗುಮ್ಮಟ ಕಟ್ಟಿದ್ದು ಆ ಕಪ್ಪು ಕಲ್ಲಿನಲ್ಲೇ. ವಿಜ್ಞಾನ ಲ್ಯಾಬಿನ ಸ್ಪ್ರಿಂಗ್ ತಕ್ಕಡಿಗೆ ದಾರದಲ್ಲಿ ಕಲ್ಲು ಕಟ್ಟಿ ಮೊದಲು ಹಾಗೇ ತೂಗಬೇಕು, ಆಮೇಲೆ ಬಕೆಟ್ ನೀರಿನಲ್ಲಿ ಮುಳುಗಿಸಿ ತೂಗಬೇಕು. 540 ಗ್ರಾಂ ಕಲ್ಲು ನೀರಿನಲ್ಲಿ 340 ತೂಗಿತು ಅನ್ನಿ. ವ್ಯತ್ಯಾಸ 200. 540ನ್ನು 200ರಿಂದ ಭಾಗಿಸಿದರೆ 2.7, ಅಂದರೆ ನೀರಿಗಿಂತ 2.7 ಪಟ್ಟು ಭಾರ. ಗ್ರಾನೈಟ್ ಹೀಗೇ ಬರುತ್ತದೆ. ಮರಳುಗಲ್ಲು ಸ್ವಲ್ಪ ಕಡಿಮೆ, ಕಪ್ಪು ಕಲ್ಲು 3ರ ಹತ್ತಿರ. ಎಷ್ಟೇ ಕಲ್ಲು ತೂಗಿದರೂ ಮೂರರ ಸುತ್ತಲೇ ಸುತ್ತುತ್ತೇವೆ. ಆಗ ಹೇಳುತ್ತೇನೆ: 1798ರಲ್ಲಿ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್ ಲೆಕ್ಕ ಹಾಕಿದ ಪ್ರಕಾರ ಇಡೀ ಭೂಮಿ ನೀರಿಗಿಂತ ಐದೂವರೆ ಪಟ್ಟು ಭಾರ. ಮೇಲಿನದೆಲ್ಲ ಮೂರರ ಒಳಗೆ, ಸರಾಸರಿ ಮಾತ್ರ ಐದೂವರೆ. ಹಾಗಾದರೆ ಒಳಗೆ ಏನಿರಬೇಕು? ಕಬ್ಬಿಣದ ಬೋಲ್ಟ್ ತೂಗಿಸಿದರೆ 7.8ರ ಹತ್ತಿರ ಬರುತ್ತದೆ. ಮಕ್ಕಳ ಮುಖದಲ್ಲಿ ಲೆಕ್ಕ ಕೂಡುವುದು ಕಾಣುತ್ತದೆ. ಈ ಒಂದು ತೂಕಕ್ಕಾಗಿ ನಾನು ಒಂದು ಅವಧಿ ಪೂರ್ತಿ ಕೊಡುತ್ತೇನೆ.

ಮಿಕ್ಕ ಸುದ್ದಿ ತರುವುದು ಭೂಕಂಪದ ಅಲೆಗಳು. ಮಕ್ಕಳನ್ನು ಸಾಲಾಗಿ ಒಬ್ಬರ ಹಿಂದೊಬ್ಬರು ಹತ್ತಿರ ನಿಲ್ಲಿಸಿ, ಕೊನೆಯವನನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ತಳ್ಳಾಟ ಮೊದಲನೆಯವನವರೆಗೂ ಹೋಗುತ್ತದೆ. ಇದು ಪಿ ಅಲೆ. ಈಗ ಮುಂದಿನವರ ಹೆಗಲು ಗಟ್ಟಿಯಾಗಿ ಹಿಡಿಸಿ ಕೊನೆಯವನನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಇದು ಎಸ್ ಅಲೆ. ಹೆಗಲು ಬಿಟ್ಟುಬಿಟ್ಟರೆ ಅಲ್ಲಾಟ ಅಲ್ಲೇ ನಿಲ್ಲುತ್ತದೆ, ತಳ್ಳಾಟ ಮಾತ್ರ ದಾಟುತ್ತದೆ. ದ್ರವದಲ್ಲಿ ಆಗುವುದೂ ಇದೇ. ಎಸ್ ಅಲೆ 2,890 ಕಿ.ಮೀ. ಆಳದಿಂದ ಮುಂದೆ ಹೋಗುವುದಿಲ್ಲ. ಅದಕ್ಕೇ ಹೊರ ಕೇಂದ್ರಗೋಳ ದ್ರವ ಅಂತ ಗೊತ್ತಾಯಿತು. ಭೂಮಿಗೆ ಕೇಂದ್ರಗೋಳ ಇದೆ ಅಂತ 1906ರಲ್ಲಿ ಅಲೆಗಳಿಂದ ತೋರಿಸಿದ ರಿಚರ್ಡ್ ಓಲ್ಡ್‌ಹ್ಯಾಮ್ ನಮ್ಮ ದೇಶದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿ ದುಡಿದವರು, 1897ರ ಅಸ್ಸಾಂ ಭೂಕಂಪವನ್ನು ಅಭ್ಯಾಸ ಮಾಡಿದವರು. ಒಳಗೆ ಮತ್ತೊಂದು ಗೋಳ ಇದೆ (ಅದು ಗಟ್ಟಿ ಅಂತ ತಿಳಿದದ್ದು ಆಮೇಲೆ) ಅಂತ 1936ರಲ್ಲಿ ಕಂಡುಹಿಡಿದವರು ಡೆನ್ಮಾರ್ಕಿನ ಇಂಗೆ ಲೆಹ್‌ಮನ್. ಹೆಣ್ಣುಮಕ್ಕಳಿಗೆ ಈ ಹೆಸರನ್ನು ನಾನು ಒತ್ತಿ ಹೇಳುತ್ತೇನೆ.

1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ನೆನಪು ನಮ್ಮ ಕಡೆ ಹಿರಿಯರಿಗೆ ಇನ್ನೂ ಇದೆ. ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ ಬರೋಕೆ ಹೇಳುತ್ತೇನೆ. ಮರುದಿನ ಅದೇ ಲೆಕ್ಕ: ಕಿಲ್ಲಾರಿ ಬಾಗಲಕೋಟೆಯಿಂದ ನೇರವಾಗಿ ಸುಮಾರು 230 ಕಿ.ಮೀ. ಪಿ ಅಲೆ ಸೆಕೆಂಡಿಗೆ 6 ಕಿ.ಮೀ., ಎಸ್ ಅಲೆ ಮೂರೂವರೆ. ಪಿ ಬಂದು ಸುಮಾರು 27 ಸೆಕೆಂಡಿನ ಮೇಲೆ ಎಸ್ ಬರಬೇಕು. ಭಾಗಾಕಾರ ಅಂದರೆ ಮುಖ ತಿರುಗಿಸುವ ಹುಡುಗರೂ ಇದನ್ನು ಮಾಡುತ್ತಾರೆ.

ಕೆಳಗೆಲ್ಲ ಲಾವಾ ತುಂಬಿದೆ ಅನ್ನುವ ನಂಬಿಕೆ ಬಿಡಿಸುವುದೇ ಎಲ್ಲಕ್ಕಿಂತ ಕಷ್ಟ. ಎಸ್ ಅಲೆ ಮ್ಯಾಂಟಲ್‌ನಲ್ಲಿ ಹಾಯಾಗಿ ಹೋಗುತ್ತದೆ, ಅಂದ ಮೇಲೆ ಅದು ಗಟ್ಟಿ ಕಲ್ಲೇ ಅಲ್ವಾ? ಆದರೂ ಬಹಳ ನಿಧಾನವಾಗಿ ಹರಿಯುತ್ತದೆ. ಇದನ್ನು ತೋರಿಸೋಕೆ ರಸ್ತೆ ಕೆಲಸದವರಿಂದ ಒಂದು ತುಂಡು ಡಾಂಬರು ಇಸಿದುಕೊಂಡು ತರುತ್ತೇನೆ. ಬೆಳಗಿನ ತಂಪಿನಲ್ಲಿ ಸುತ್ತಿಗೆಯಿಂದ ಹೊಡೆದರೆ ಕಲ್ಲಿನಂತೆ ಸೀಳುತ್ತದೆ. ಅದನ್ನೇ ತಟ್ಟೆಯಲ್ಲಿಟ್ಟು ಕಿಟಕಿ ಹತ್ತಿರ ಬಿಟ್ಟರೆ ದಿನ ಕಳೆದಂತೆ ಮೆಲ್ಲಗೆ ಹರಡುತ್ತದೆ. ಮ್ಯಾಂಟಲ್‌ನಲ್ಲಿ ಕೆಲವೆಡೆ ಮಾತ್ರ ಸ್ವಲ್ಪ ಕಲ್ಲು ಕರಗುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹಾಗೆ ಕರಗಿ ಉಕ್ಕಿ ಬಂದದ್ದೇ ವಿಜಯಪುರದ ಕಪ್ಪು ಕಲ್ಲು, ಅದು ಸವೆದು ಆದದ್ದೇ ಎರಿ ಮಣ್ಣು. ಮಕ್ಕಳ ಕೈಯಲ್ಲೇ ಮ್ಯಾಂಟಲ್‌ನಿಂದ ಬಂದ ವಸ್ತು ಇದೆ!

ಒಳ ಕೇಂದ್ರಗೋಳ ಜಾಸ್ತಿ ಬಿಸಿ ಇದ್ದೂ ಯಾಕೆ ಗಟ್ಟಿ ಅಂತ ಒಬ್ಬರಾದರೂ ಕೇಳುತ್ತಾರೆ. ಒತ್ತಡ. ಅಲ್ಲಿಯ ಒತ್ತಡ ಕಬ್ಬಿಣವನ್ನು ಕರಗೋಕೆ ಬಿಡುವುದಿಲ್ಲ.

ಮೈದಾನ ಇಲ್ಲದ ಶಾಲೆಯವರು 100 ಕಿ.ಮೀ.ಗೆ 1 ಸೆಂ.ಮೀ. ಅಂತ ಹಿಡಿದು ಗೋಡೆಗೆ ಡ್ರಾಯಿಂಗ್ ಶೀಟ್ ಅಂಟಿಸಿ ಮಾಡಬಹುದು. ತ್ರಿಜ್ಯ 63.7 ಸೆಂ.ಮೀ. ಆಗುತ್ತದೆ, ಭೂಕವಚ ಮೂರೂವರೆ ಮಿಲಿಮೀಟರ್, ಕೋಲಾದ ತೂತು ಪೆನ್ಸಿಲ್ ಚುಕ್ಕೆಯಷ್ಟು. ಮೈದಾನದಲ್ಲೇ ಮಾಡುವವರು ಬೆಳಗಿನ ಮೊದಲ ಅವಧಿ ಇಟ್ಟುಕೊಳ್ಳಿ. ನಮ್ಮ ಕಡೆ ಬಿಸಿಲೇರಿದ ಮೇಲೆ ಗಾಳಿ ಎದ್ದರೆ ಸುಣ್ಣದ ಗೆರೆ ನಿಲ್ಲುವುದಿಲ್ಲ.